ದೀಪದ ಬುರುಜಿನ ಮಸಿ

ಸಮುದ್ರವೇ ಇಲ್ಲದ ಊರಿನಲ್ಲಿ, ನಮ್ಮ ಬಡಾವಣೆಯ ಪಕ್ಕದಲ್ಲೇ ಒಂದು ಲೈಟ್‌ಹೌಸ್ ಇದೆ ಎಂದರೆ ಪೀಣ್ಯದ ಕಾರ್ಖಾನೆಯ ನನ್ನ ಗೆಳೆಯರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

"ಹಡಗು ಎಲ್ಲಿ ನಿಲ್ಲುತ್ತೆ ಗುರು? ನಾಯಂಡಹಳ್ಳೀಲಾ?"

ನಾನು ಬಿಡುತ್ತಿರಲಿಲ್ಲ. ಎರಡು ಅಂಗೈ ಸೇರಿಸಿ ಹಡಗಿನ ಸೈರನ್ ಊದಿ, ಆಮೇಲೆ ಬಸ್ ಕಂಡಕ್ಟರನ ಮೂಗಿನ ಸ್ವರದಲ್ಲಿ ಕೂಗುತ್ತಿದ್ದೆ: "ಹಡಗು ಮಲ್ಲತ್ತಹಳ್ಳೀವರೆಗೆ ಮಾತ್ರ! ಮುಂದಕ್ಕೆ ಹೋಗೋರು ಈಜ್ಕೊಂಡ್ ಹೋಗಿ ಸಾರ್! ಹೋಲ್ಡಾನ್!"

ಆಗ ನನಗೆ ಇಪ್ಪತ್ತೊಂದು ವರ್ಷ. ಫಿಟ್ಟರ್ ಅಪ್ರೆಂಟಿಸ್ ಆಗಿದ್ದೆ. ನಾನು ಉಜ್ಜಿದ ಕಬ್ಬಿಣ ಯಾವತ್ತೂ ಚೌಕಾಕಾರಕ್ಕೆ ಬರುತ್ತಿರಲಿಲ್ಲ, ಆದರೆ ಅದನ್ನು ನೋಡಿ ಸೂಪರ್‌ವೈಸರು ಬೈಯುವ ಬೈಗುಳ ಮಾತ್ರ ನನ್ನ ಬಾಯಲ್ಲಿ ಅಚ್ಚುಕಟ್ಟಾಗಿ ಬರುತ್ತಿತ್ತು. ನಮ್ಮ ಬೀದಿಯಲ್ಲಿ ನಾನು ಅನುಕರಿಸದ ಗಂಟಲಿರಲಿಲ್ಲ. ಸೊಪ್ಪು ಮಾರುವವಳು, ಪಕ್ಕದ ಮನೆಯ ಪ್ರೆಷರ್ ಕುಕ್ಕರು, ನನ್ನ ಮದುವೆಯ ಮಾತೆತ್ತಿದಾಗ ನಿಟ್ಟುಸಿರು ಬಿಡುವ ನನ್ನಮ್ಮ, ಎಲ್ಲರೂ ನನ್ನೊಳಗೆ ಬಾಡಿಗೆ ಇಲ್ಲದೆ ವಾಸವಾಗಿದ್ದರು. "ಇವನಿಗೆ ಅಂತ ಒಂದು ಸ್ವಂತ ಗಂಟಲು ಇದೆಯೋ ಇಲ್ವೋ" ಎಂದು ಅಮ್ಮ ಕೇಳುತ್ತಿದ್ದಳು. ನಾನು ಆ ಪ್ರಶ್ನೆಯನ್ನೂ ಅವಳದೇ ಸ್ವರದಲ್ಲಿ ವಾಪಸು ಕೇಳುತ್ತಿದ್ದೆ.

ಲೈಟ್‌ಹೌಸ್ ಎಂಬ ಹೆಸರು ಇಟ್ಟವನು ನಾನು. ಹಳೇ ಊರಿನವರು ಅದನ್ನು ದೀಪದ ಬುರುಜು ಎನ್ನುತ್ತಿದ್ದರು. ಮಾಗಡಿ ರಸ್ತೆಯಿಂದ ಒಳಗೆ ಬಂದರೆ, ಊಟ ಮುಗಿಸಿ ಅಂಗಾತ ಮಲಗಿದ ಯಜಮಾನನ ಹೊಟ್ಟೆಯ ಹಾಗೆ ಒಂದು ದೊಡ್ಡ ಬಂಡೆ. ಅದರ ನೆತ್ತಿಯ ಮೇಲೆ ಕಲ್ಲು ಗಾರೆಯ ಒಂದು ಗುಂಡನೆಯ ಬುರುಜು, ಮೂರಾಳು ಎತ್ತರ. ಹೊರಗಿನಿಂದಲೇ ಸುತ್ತಿಕೊಂಡು ಹತ್ತುವ ಕಿರಿದಾದ ಮೆಟ್ಟಿಲು. ತುದಿಯಲ್ಲಿ ಚಪ್ಪಡಿಕಲ್ಲು ಹೊದಿಸಿದ ಒಂದು ಗೂಡು. ಗೂಡಿನ ಬಾಯಿ ಮಾಗಡಿ ಕಡೆಗೆ, ಅಂದರೆ ಪಶ್ಚಿಮಕ್ಕೆ. ಎಡಬಲಕ್ಕೆ ಒಂದೊಂದು ಸಣ್ಣ ಕಿಂಡಿ.

ಅದರ ಕತೆಯನ್ನು ನಮಗೆ ಹೇಳಿದ್ದು ನಮ್ಮ ಬೀದಿಗೆಲ್ಲ ಹಾಲು ಹಾಕುತ್ತಿದ್ದ ಹಳೇ ಊರಿನ ಅಜ್ಜಿ. ಒಂದು ಕಾಲದಲ್ಲಿ ಮಾಗಡಿ ಕಡೆಯಿಂದ ಪೇಟೆಗೆ ಬೆಲ್ಲ, ಸೌದೆ, ಹುಣಸೆಹಣ್ಣು ಹೇರಿಕೊಂಡ ಗಾಡಿಗಳು ರಾತ್ರಿಯೆಲ್ಲ ನಡೆದು ಬರುತ್ತಿದ್ದವಂತೆ. ಗಾಡಿಯವರು ತೂಕಡಿಸುತ್ತಿದ್ದರು, ಎತ್ತುಗಳು ದಾರಿ ನಡೆಸುತ್ತಿದ್ದವು. ಬಂಡೆಯ ಬುಡದಲ್ಲಿ ದಾರಿ ಥಟ್ಟನೆ ತಿರುಗಿ ಕೆರೆ ಏರಿಯ ಮೇಲೆ ಹತ್ತುತ್ತಿತ್ತು. ತಿರುವು ತಪ್ಪಿದರೆ ಗಾಡಿ ನೇರ ನೀರಿಗೆ. ಅದಕ್ಕೇ ಬುರುಜಿನಲ್ಲಿ ದೀಪ. ದೂರದಲ್ಲಿ ದೀಪ ಕಂಡರೆ ಗಾಡಿಯವನು ಎದ್ದು ಕೂತು ಮೂಗುದಾರ ಹಗ್ಗ ಹಿಡಿದುಕೊಳ್ಳಬೇಕು.

ದೀಪ ಹಚ್ಚುವ ಕೆಲಸ ಅಜ್ಜಿಯ ಗಂಡನ ಮನೆಯವರದು. ಮದುವೆಯಾಗಿ ಬಂದ ಮೂರನೆಯ ದಿನ ಅವಳ ಅತ್ತೆ ಅವಳ ಕೈಗೆ ಹೊಂಗೆಎಣ್ಣೆ ಗಡಿಗೆ ಕೊಟ್ಟು ಬಂಡೆಯ ದಾರಿ ತೋರಿಸಿದ್ದಳಂತೆ. ಲಾರಿಗಳು ಬಂದ ಮೇಲೆ ದೀಪ ನಿಂತಿತು. ಆಮೇಲೆ ಕೆರೆಯೂ ಅರ್ಧ ಹೂತಿತು. ಹೊಲಗಳು ಸೈಟುಗಳಾದವು. ಅಜ್ಜಿಗೆ ಉಳಿದದ್ದು ಮೂರು ಹಸು ಮತ್ತು ಆ ಬುರುಜು. ಬುರುಜಿನ ಮೇಲೆ ಅವಳಿಗೆ ಯಾವ ಕಾಗದಪತ್ರವೂ ಇರಲಿಲ್ಲ, ಆದರೂ ಅದು ಅವಳದೇ ಎಂಬ ವಿಷಯದಲ್ಲಿ ಅವಳ ಹಸುಗಳಿಗೂ ಅನುಮಾನವಿರಲಿಲ್ಲ.

ಒಂದು ದಿನ ಬಡಾವಣೆ ಮಾಡುವ ಕಚೇರಿಯವರು ಬಂದು ಬಂಡೆಯ ಸುತ್ತ ಕೆಂಪು ಬಣ್ಣದಲ್ಲಿ ಗುರುತು ಹಾಕಿ ಹೋದರು. ಬಂಡೆ ಸಿಡಿಸಿ ರಸ್ತೆಗೆ ಜಲ್ಲಿ ಮಾಡುವುದು, ಸಮತಟ್ಟಾದ ಜಾಗವನ್ನು ಸೈಟು ಮಾಡುವುದು. ಆ ಬೆಳಿಗ್ಗೆ ಅಜ್ಜಿ ಹಾಲು ಅಳೆಯುತ್ತ ಅಳೆಯುತ್ತ ನಿಂತುಬಿಟ್ಟಳು. ಹಾಲು ಪಾತ್ರೆ ತುಂಬಿ ನಮ್ಮ ಹೊಸಿಲ ಮೇಲೆ ಹರಿಯಿತು. "ನನ್ ಗಂಡನ್ ಕೈ ಅಲ್ಲೇ ಅದೆ ಕಣವ್ವ, ಆ ಗೂಡ್ನಾಗೆ" ಎಂದಳು ನನ್ನಮ್ಮನಿಗೆ. ಗೂಡಿನ ಒಳಗೋಡೆಗೆಲ್ಲ ದಪ್ಪ ಮಸಿ ಹಿಡಿದಿತ್ತು. ಅವನ ಕೈಯ ದೀಪದ ಮಸಿ ಅದು, ಅವನಪ್ಪನದು, ಅವನಜ್ಜನದು.

ಈಗ ಫೋರ್ಮನ್ನರ ವಿಷಯ ಹೇಳಬೇಕು. ಹೇಳುವುದಕ್ಕೆ ಮುಂಚೆ ನಾನು ಎದ್ದು ನಿಲ್ಲುತ್ತೇನೆ, ಅಷ್ಟು ಗೌರವ. ಆದರೆ ಎದ್ದು ನಿಂತವನು ಅವರ ಹಾಗೇ ಸೊಂಟದ ಮೇಲೆ ಕೈ ಇಟ್ಟುಕೊಳ್ಳುತ್ತೇನೆ, ಅದು ನನ್ನ ರೋಗ.

ಅವರು ನಮ್ಮ ಎದುರು ಮನೆಯವರು, ಕಾರ್ಖಾನೆಯಿಂದ ನಿವೃತ್ತರಾದವರು. ಮೂವತ್ತು ವರ್ಷ ಪ್ರೆಸ್ ಮೆಷಿನ್ನುಗಳ ಪಕ್ಕ ನಿಂತು ಅವರ ಕಿವಿ ಅರ್ಧ ಹೋಗಿತ್ತು. ಕಿವಿ ಹೋದಷ್ಟೂ ಗಂಟಲು ಬೆಳೆದಿತ್ತು. ಹೆಂಡತಿಯ ಹತ್ತಿರ ಕಾಫಿ ಕೇಳಿದರೆ ನಾಲ್ಕು ಮನೆಯಲ್ಲಿ ಒಲೆ ಹತ್ತುತ್ತಿತ್ತು. ಅವರ ಒಂದು ಮಾತು ಬೀದಿಗೆಲ್ಲ ಬಾಯಿಪಾಠ: "ಕೆಲ್ಸ ಅಂದ್ರೆ ಫಿನಿಶಿಂಗು ಕಣ್ರೀ!"

ಕೆಂಪು ಗುರುತು ಬಿದ್ದ ವಾರವೇ ಫೋರ್ಮನ್ನರು ಬಂಡೆಯ ಬುಡದ ಹೊಂಗೆಮರಕ್ಕೆ ಒಂದು ತುಂಡು ರೈಲುಕಂಬಿ ನೇತುಹಾಕಿದರು. ಭಾನುವಾರ ಬೆಳಿಗ್ಗೆ ಏಳಕ್ಕೆ ಸುತ್ತಿಗೆಯಿಂದ ಅದನ್ನು ಬಾರಿಸಿದರು. ಜನ ಬೆಂಕಿ ಬಿತ್ತೆಂದು ಓಡಿಬಂದರು. ಬಂದವರ ಕೈಗೆಲ್ಲ ಗುದ್ದಲಿ, ಬಾಂಡ್ಲಿ ಕೊಟ್ಟರು.

"ಇದು ಪಾರ್ಕು! ಜನ ಓಡಾಡೋ ಜಾಗ ಅಂತ ಆಗ್ಬಿಟ್ರೆ ಯಾರೂ ಸಿಡಿಸೋದಕ್ಕೆ ಆಗಲ್ಲ! ಫಸ್ಟ್ ಶಿಫ್ಟು ಈಗ, ಸೆಕೆಂಡ್ ಶಿಫ್ಟು ಟೀ ಆದ್ಮೇಲೆ!"

ನಾನು ಮೊದಲ ದಿನ ಹೋಗಿದ್ದು ಹೊಸ ಸರಕು ಸಂಗ್ರಹಿಸಲು. ಇಷ್ಟೊಂದು ಜನ ಒಂದೇ ಕಡೆ ಬೆವರುತ್ತ ಗೊಣಗುವುದು ನನ್ನಂಥವನಿಗೆ ಹಬ್ಬ. ಆದರೆ ಎರಡು ಭಾನುವಾರ ಆಗುವಷ್ಟರಲ್ಲಿ ಗೊಣಗುವವರ ಪೈಕಿ ನಾನೂ ಒಬ್ಬನಾಗಿದ್ದೆ, ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು.

ಎಂಥ ಜನ ಅವರು! ಲಗ್ಗೆರೆಯಿಂದ ನೈಟ್ ಶಿಫ್ಟ್ ಮುಗಿಸಿ ನೇರ ಬಂದವರು ಕಣ್ಣು ಕೆಂಪಗೆ ಮಾಡಿಕೊಂಡೇ ಲಾಂಟಾನ ಪೊದೆ ಕಡಿದರು. ನಾಯಂಡಹಳ್ಳಿಯ ವರ್ಕ್‌ಶಾಪಿನವರು ಲಾರಿ ಟೈರು ತಂದು ಮಕ್ಕಳಿಗೆ ಉಯ್ಯಾಲೆ ಕಟ್ಟಿದರು. ಆಫೀಸು ಗುಮಾಸ್ತರು, ಪೆನ್ನಿಗಿಂತ ಭಾರವಾದ್ದನ್ನು ಎತ್ತಿ ಗೊತ್ತಿಲ್ಲದವರು, ಬಾಂಡ್ಲಿ ಹೊತ್ತು ನಡೆಯುವಾಗ ಹೊಸ ಮದುವಣಗಿತ್ತಿಯರ ಹಾಗೆ ತಲೆ ನೇರ ಇಟ್ಟುಕೊಂಡು ನಡೆದರು. ಗಿಡದ ಗುಂಡಿ ತೋಡಿದರೆ ಸಾಲದು, ಫೋರ್ಮನ್ನರು ಅದನ್ನು ಪಾಸು ಮಾಡಬೇಕಿತ್ತು. ಅದಕ್ಕಾಗಿ ಹಳೆಯ ಸರಳಿನಲ್ಲಿ ಅವರೇ ಒಂದು ಗೇಜು ಮಾಡಿಕೊಂಡಿದ್ದರು. ಸರಳಿನ ಒಂದು ತುದಿ ಗುಂಡಿಯೊಳಗೆ ಪೂರ್ತಿ ಇಳಿಯಬೇಕು, ಇನ್ನೊಂದು ತುದಿ ಇಳಿಯಬಾರದು. ಪಿಸ್ಟನ್ನು ತಯಾರಿಸುವ ಲೆಕ್ಕದಲ್ಲಿ ನಾವು ಬೇವಿನ ಗಿಡ ನೆಟ್ಟೆವು. ನನ್ನ ಗುಂಡಿಗಳು ನಾಲ್ಕು ಸಲ ರಿಜೆಕ್ಟ್ ಆದವು. ಕಾರ್ಖಾನೆಯಲ್ಲೂ ರಿಜೆಕ್ಟು, ಇಲ್ಲೂ ರಿಜೆಕ್ಟು.

ಹೆಂಗಸರ ಗುಂಪಿಗೆ ನಮ್ಮ ಪಕ್ಕದ ಮನೆ ಆಂಟಿ ಮುಖ್ಯಸ್ಥರು. ಅವರು ತೊಳೆದ ತಂಬಿಗೆಯಲ್ಲಿ ಮುಖ ನೋಡಿಕೊಂಡು ನಾನು ಎಷ್ಟೋ ಸಲ ಕ್ರಾಪು ತೆಗೆದಿದ್ದೇನೆ. ಕಲೆ ಎಂಬುದು ಅವರಿಗೆ ವೈಯಕ್ತಿಕ ಅವಮಾನ. ಬುರುಜಿನ ಮೈಮೇಲೆ ಯಾರು ಯಾರೋ ಇದ್ದಿಲಿನಲ್ಲಿ ಬರೆದಿದ್ದ ಹೆಸರು, ಹೃದಯ, ಬಾಣ ಎಲ್ಲವನ್ನೂ ಅವರು ಬೂದಿ, ಹುಣಸೆ, ತೆಂಗಿನನಾರು ಹಿಡಿದು ಉಜ್ಜಿಸಿದರು. ಎಷ್ಟೋ ಪ್ರೇಮಗಳು ಅಲ್ಲೇ ಮುಗಿದವು.

ನಾಲ್ಕು ತಿಂಗಳಲ್ಲಿ ಅದು ಪಾರ್ಕಿನ ಹಾಗೇ ಕಾಣುತ್ತಿತ್ತು. ಆದರೆ ಕಚೇರಿಯವರಿಗೆ ಹಾಗೆ ಕಾಣಲಿಲ್ಲ. ನಮ್ಮ ಅರ್ಜಿಗಳಿಗೆ ಉತ್ತರ ಬಂತು. ಅದು ಹೊಲ ಕಾಯುವ ಹಳೇ ಅಟ್ಟಣೆ, ಅಂಥವು ಊರೂರಿಗೂ ಇದ್ದವು, ಉಳಿಸುವ ಅಗತ್ಯವಿಲ್ಲ ಎಂದು. ನಿಜಕ್ಕೂ ದಾರಿದೀಪದ ಬುರುಜು ಎಂದು ಪ್ರಾಚೀನ ವಸ್ತುಗಳ ಇಲಾಖೆಯವರು ಬರೆದುಕೊಟ್ಟರೆ ಮಾತ್ರ ಬಂಡೆ ಬಿಡುತ್ತೇವೆ ಎಂದು. ಫೋರ್ಮನ್ನರು ಆ ಇಲಾಖೆಗೂ ಅಲೆದರು. ಕೊನೆಗೆ ಒಬ್ಬ ಅಧಿಕಾರಿ ಸೋಮವಾರ ಬಂದು ನೋಡಲು ಒಪ್ಪಿದರು. ಊರವರ ಬಾಯಿಮಾತು ಸಾಲದು, ದೀಪ ಉರಿಸಿದ ಕುರುಹು ಕಾಣಬೇಕು ಎಂದಿದ್ದರು. ಅಂದರೆ ಅಜ್ಜಿಯ ಬುರುಜು ಉಳಿಯುವುದು ಗೂಡಿನೊಳಗಿನ ಆ ಮಸಿಯಿಂದ.

ಫೋರ್ಮನ್ನರು ಹೊಂಗೆಮರದ ಕೆಳಗೆ ಎಲ್ಲರನ್ನೂ ಸೇರಿಸಿ ಇದನ್ನು ಹೇಳಿದರು. "ಗೂಡಿನ ಒಳಗೆ ಯಾರೂ ಕೈ ಹಾಕಂಗಿಲ್ಲ" ಎಂದೂ ಹೇಳಿದರಂತೆ. ಅಂತೆ ಎನ್ನುತ್ತಿದ್ದೇನೆ, ಏಕೆಂದರೆ ನಾನು ಹಿಂದಿನ ಸಾಲಿನಲ್ಲಿ ಕೂತು ಪಕ್ಕದವರಿಗೆ ಅವರದೇ ಭಾಷಣ ಮಾಡಿ ತೋರಿಸುತ್ತಿದ್ದೆ. ಅಸಲು ಭಾಷಣ ಕಿವಿಗೆ ಬೀಳಲಿಲ್ಲ. ಆಂಟಿ ಅಂದು ನಾದಿನಿಯ ಮನೆಗೆ ಹೋಗಿದ್ದರು.

ಅಧಿಕಾರಿ ಬರುವ ಹಿಂದಿನ ದಿನ, ಭಾನುವಾರ, ಕೊನೆಯ ಕೆಲಸ. ಫೋರ್ಮನ್ನರು ಬಂಡೆಯ ಆಚೆ ಬದಿಯಲ್ಲಿ ಗೇಜು ಹಿಡಿದು ಗುಂಡಿಗಳ ಜೊತೆ ಜಗಳವಾಡುತ್ತಿದ್ದರು. ನಾನು ಬುರುಜಿನ ಬುಡದಲ್ಲಿ ಮೆಟ್ಟಿಲು ಗುಡಿಸುತ್ತಿದ್ದೆ, ಅಂದರೆ ಪೊರಕೆಗೆ ಒರಗಿ ನಿಂತಿದ್ದೆ. ಮೇಲಿನಿಂದ ಆಂಟಿಯ ದನಿ ಬಂತು.

"ಫೋರ್ಮನ್ನೋರೇ! ಈ ಗೂಡಿನೊಳಗೆ ಥೂ, ಒಂದಿಂಚು ಮಸಿ ಇದೆ! ಇದನ್ನೂ ಉಜ್ಜೋದಾ?"

ಉತ್ತರ ಕೊಡಲು ಫೋರ್ಮನ್ನರು ಇರಲಿಲ್ಲ. ನಾನಿದ್ದೆ. ನನ್ನ ಸುತ್ತ ನಗಲು ಸಿದ್ಧವಾಗಿ ನಾಲ್ಕು ಹುಡುಗರಿದ್ದರು. ಸೊಂಟದ ಮೇಲೆ ಕೈ ಇಟ್ಟೆ, ಎದೆ ಉಬ್ಬಿಸಿದೆ.

"ಕೆಲ್ಸ ಅಂದ್ರೆ ಫಿನಿಶಿಂಗು ಕಣಮ್ಮಾ! ಕೇಳೋದೇನು, ಒಳಗೂ ಉಜ್ಜಿ!"

"ಆಯ್ತು!" ಎಂದರು ಆಂಟಿ.

ಹುಡುಗರು ನೆಲದ ಮೇಲೆ ಬಿದ್ದು ಹೊರಳಾಡಿದರು. ಆ ಗಂಟಲು ಅಷ್ಟು ಚೆನ್ನಾಗಿ ನನಗೆ ಹಿಂದೆ ಎಂದೂ ಬಂದಿರಲಿಲ್ಲ. ಕಲಾವಿದನ ಸಾರ್ಥಕತೆ ಎಂದರೆ ಇದೇ ಎಂದುಕೊಂಡು ಟೀ ಕುಡಿಯಲು ಹೋದೆ.

ಮಧ್ಯಾಹ್ನ ಫೋರ್ಮನ್ನರು ಮೆಟ್ಟಿಲು ಹತ್ತಿದರು. ಎಷ್ಟು ಹೊತ್ತಾದರೂ ಅವರ ದನಿ ಕೇಳಲಿಲ್ಲ. ಅವರ ದನಿ ಕೇಳದಿದ್ದರೆ ಏನೋ ಆಗಿದೆ ಎಂದು ಬೀದಿಯ ನಾಯಿಗೂ ಗೊತ್ತು. ನಾವೆಲ್ಲ ಮೇಲೆ ಹೋದೆವು. ಗೂಡಿನ ಒಳಗಿನ ಕಲ್ಲು ಆಂಟಿಯ ಅಡುಗೆಮನೆ ಕಟ್ಟೆಯ ಹಾಗೆ ಥಳಥಳ ಹೊಳೆಯುತ್ತಿತ್ತು. ಆಂಟಿ ಕಪ್ಪು ಕೈಗಳನ್ನು ಸೆರಗಿಗೆ ತಾಗದಂತೆ ಮೇಲೆತ್ತಿಕೊಂಡು, ಹೊಗಳಿಕೆಗೆ ಕಾಯುತ್ತ ನಿಂತಿದ್ದರು. ಫೋರ್ಮನ್ನರು ಮೆಟ್ಟಿಲ ಮೇಲೆ ಕೂತಿದ್ದರು.

"ಯಾರಮ್ಮಾ ಹೇಳಿದ್ದು ಇದನ್ನ ಉಜ್ಜೋಕೆ?"

"ನೀವೇ! ನೀವೇ ಹೇಳಿದ್ರಲ್ಲ, ಫಿನಿಶಿಂಗು ಅಂತ ಕಿರುಚಿದ್ರಿ!"

"ನಾನಾ?"

ಅವರು ತಮ್ಮ ಕಿವಿಯನ್ನು ಒಂದು ಸಲ ಉಜ್ಜಿಕೊಂಡರು. ತಾವು ಆಡಿದ ಮಾತೇ ತಮಗೆ ಕೇಳಿಸಿಲ್ಲವೇನೋ ಎಂದು ಆ ಮುಖ ಲೆಕ್ಕ ಹಾಕುತ್ತಿತ್ತು. ಆಮೇಲೆ ಮೆಲ್ಲಗೆ ಹೇಳಿದರು. "ಹಂಗಾದ್ರೆ ಹೇಳಿರ್ಬೇಕು. ವಯಸ್ಸಾಯ್ತು. ನನ್ದೇ ತಪ್ಪು, ನಿಮ್ದಲ್ಲಮ್ಮ." ನಂತರ ಅವರು ಯಾರ ಮುಖವನ್ನೂ ನೋಡದೆ ಕೆಳಗಿಳಿದರು, ನೇರ ಅಜ್ಜಿಯ ಮನೆ ಕಡೆಗೆ.

ಆ ನಾಲ್ಕು ಹುಡುಗರು ನನ್ನನ್ನೇ ನೋಡಿದರು. ಈಗ ಯಾರೂ ನಗಲಿಲ್ಲ. ನಾನು ಏನು ಮಾಡಿದೆ ಗೊತ್ತೇ? ಪೊರಕೆ ಎತ್ತಿಕೊಂಡು, ಗುಡಿಸಿದ ಮೆಟ್ಟಿಲನ್ನೇ ಮತ್ತೆ ಗುಡಿಸಿದೆ. ಊರಿನವರ ಗಂಟಲೆಲ್ಲ ನನ್ನಲ್ಲಿದ್ದವು, ಒಂದೂ ಕೆಲಸಕ್ಕೆ ಬರಲಿಲ್ಲ.

ಸಂಜೆ ಅಮ್ಮ ಮುದ್ದೆ ಬಡಿಸಿದಳು. ತಟ್ಟೆ ಬಿಟ್ಟು ಎದ್ದು ಎದುರು ಮನೆಗೆ ಹೋದೆ. ಫೋರ್ಮನ್ನರು ಜಗಲಿಯ ಮೇಲೆ ಗೇಜಿನ ಸರಳನ್ನು ಎಣ್ಣೆಬಟ್ಟೆಯಲ್ಲಿ ಒರೆಸುತ್ತಿದ್ದರು. ಅವರಿಗೆ ಕೇಳಿಸಬೇಕಾದರೆ ಕೂಗಿ ಹೇಳಬೇಕು. ಹಾಗಾಗಿ ನನ್ನ ತಪ್ಪೊಪ್ಪಿಗೆ ಇಡೀ ಬೀದಿಗೆ ಕೇಳಿಸಿತು.

"ಸಾರ್! ಅದು ನೀವಲ್ಲ! ನಾನು! ನಿಮ್ ಥರ ಕೂಗಿದ್ದು ನಾನು!"

ಹೊಡೆಯುತ್ತಾರೆ ಎಂದುಕೊಂಡೆ, ಕೈಯಲ್ಲಿ ಸರಳೂ ಇತ್ತು. ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಎಲ್ಲಿ, ಇನ್ನೊಂದ್ಸಲ ಮಾಡು."

"ಬೇಡ ಸಾರ್."

"ಮಾಡೋ ಅಂದ್ರೆ!"

ಮಾಡಿದೆ. ಜೀವನದಲ್ಲಿ ಅಷ್ಟು ಕೆಟ್ಟದಾಗಿ ಎಂದೂ ಮಾಡಿರಲಿಲ್ಲ. ಆದರೂ ಎರಡು ಮನೆ ಆಚೆ ಯಾರೋ "ಬಂದೇ ಫೋರ್ಮನ್ನೋರೇ" ಎಂದು ಓಗೊಟ್ಟರು. ಫೋರ್ಮನ್ನರು ಕಿವಿಗೆ ಕೈ ಒಡ್ಡಿ ಪೂರ್ತಿ ಕೇಳಿಸಿಕೊಂಡರು.

"ನಾನು ಇಷ್ಟು ಜೋರಾಗಿ ಮಾತಾಡ್ತೀನಾ?"

"ಇದಕ್ಕಿಂತ ಸ್ವಲ್ಪ ಜಾಸ್ತಿ ಸಾರ್."

ಒಳಗಿನಿಂದ ಅವರ ಹೆಂಡತಿ ನಕ್ಕದ್ದು ನನಗೆ ಕೇಳಿಸಿತು, ಅವರಿಗೆ ಇಲ್ಲ. ಅವರು ಸರಳನ್ನು ಗೋಡೆಗೆ ಒರಗಿಸಿದರು. "ಅಜ್ಜಿಗೆ ನಾನೇ ತಪ್ಪು ಮಾಡ್ದೆ ಅಂತ ಹೇಳಿ ಬಂದೆ. ಆಯಮ್ಮ ಹಸೂಗೆ ಹುಲ್ಲು ಹಾಕ್ತಾನೇ ಇದ್ಲು ಕಣೋ. ನಾಳೆ ಆ ಅಧಿಕಾರಿಗೆ ನೀನೇ ಹೇಳು. ಯಾರ್ ಥರಾನೂ ಬೇಡ. ನಿನ್ ಥರ ಹೇಳು."

ಸೋಮವಾರ ರಜೆ ಹಾಕಿದೆ. ಅಧಿಕಾರಿ ಮಧ್ಯಾಹ್ನ ಮೂರೂವರೆಗೆ ಬಂದರು. ಸಣಕಲು ಮನುಷ್ಯ, ಬಿಸಿಲಿಗೆ ಕೊಡೆ ಹಿಡಿದಿದ್ದರು, ಮಾತು ಕಡಿಮೆ. ಅನುಕರಿಸಲು ಏನೂ ಸಿಗದ ಇಂಥವರನ್ನು ಕಂಡರೆ ನನಗೆ ಭಯ. ಗೂಡಿನೊಳಗೆ ಬಗ್ಗಿ ನೋಡಿದರು. ಬೆರಳಿಂದ ಒರೆಸಿ ಬೆರಳು ನೋಡಿಕೊಂಡರು.

"ಇಷ್ಟು ಚೊಕ್ಕ ಇರೋ ಹಳೇ ಕಟ್ಟಡ ನಾನು ನೋಡಿಲ್ಲ."

ಆಂಟಿಗೆ ಅದು ಹೊಗಳಿಕೆಯೋ ಬೈಗುಳವೋ ತಿಳಿಯಲಿಲ್ಲ, ಅರ್ಧ ನಕ್ಕು ನಿಲ್ಲಿಸಿದರು. ನಾನು ಮುಂದೆ ಬಂದು ನಡೆದದ್ದನ್ನೆಲ್ಲ ಹೇಳಿದೆ. ಇಲ್ಲಿ ಒಂದು ಇಂಚು ಮಸಿ ಇತ್ತು ಸಾರ್, ಎಲ್ಲರೂ ಕಂಡಿದ್ದಾರೆ, ನನ್ನ ಕುಚೇಷ್ಟೆಯಿಂದ ಹೋಯಿತು ಎಂದೆ. ನನ್ನದೇ ಗಂಟಲು ನನಗೆ ಅಪರಿಚಿತವಾಗಿತ್ತು, ತೆಳ್ಳಗೆ, ಸ್ವಲ್ಪ ಕೀರಲು. ಅದರ ಮಿಮಿಕ್ರಿಯನ್ನು ಯಾರಾದರೂ ಮಾಡಿದರೆ ಜನ ಚೆನ್ನಾಗಿ ನಗುತ್ತಾರೆ ಎಂದು ಆಗಲೇ ಹೊಳೆಯಿತು. ಆಂಟಿ ನನ್ನ ಕಡೆ ಬಿಟ್ಟ ನೋಟಕ್ಕೆ ಹಿತ್ತಾಳೆಯೂ ಕಪ್ಪಾಗುತ್ತಿತ್ತು.

"ನೀವು ಹೇಳೋದನ್ನ ನಾನು ನಂಬ್ತೀನಿ" ಎಂದರು ಅಧಿಕಾರಿ. "ಆದ್ರೆ ನಂಬಿದೆ ಅಂತ ಬರೆಯೋಕಾಗಲ್ಲ. ಕಂಡೆ ಅಂತ ಬರೀಬೇಕು."

ಕೊಡೆ ಮಡಿಸಿಕೊಂಡು ಅವರು ಇಳಿಯಲು ತಿರುಗಿದರು. ಆಗ ಮೆಟ್ಟಿಲ ಕೆಳಗಿಂದ ಏದುಸಿರು ಕೇಳಿಸಿತು. ಅಜ್ಜಿ ಹತ್ತಿ ಬರುತ್ತಿದ್ದಳು. ಸೊಂಟದಲ್ಲಿ ಗಡಿಗೆ, ಕೈಯಲ್ಲಿ ಅಗಲವಾದ ಒಂದು ಮಣ್ಣಿನ ಹಣತೆ. ನನ್ನ ಪಕ್ಕ ಬಂದವಳು ನಿಂತಳು.

"ನೀನೇನ್ಲಾ ಕೂಗಿದ್ದು?"

"ಹೂಂ ಅಜ್ಜಿ."

"ಗಡಿಗೆ ಇಡ್ಕ" ಎಂದು ಅದನ್ನು ನನ್ನ ಕೈಗೆ ದಾಟಿಸಿದಳು. ಆಮೇಲೆ ಅಧಿಕಾರಿಯ ಕಡೆ ತಿರುಗಿ, "ಸ್ವಾಮಿ, ಮಸಿ ಓದ್ರೆ ಓಯ್ತು. ಅಚ್ಚಿ ತೋರುಸ್ತೀನಿ, ವಸಿ ನಿಂತ್ಕಳಿ. ನೋಡ್ಬುಟ್ಟು ಓಗೀರಂತೆ" ಎಂದಳು.

ಅವರು ನಿಂತರು. ಅವಳು ಹಳೇ ಸೀರೆಯ ಅಂಚನ್ನು ತೊಡೆಯ ಮೇಲಿಟ್ಟು ಹೊಸೆದು ಹೆಬ್ಬೆರಳು ಗಾತ್ರದ ಬತ್ತಿ ಮಾಡಿದಳು. ಹಣತೆಗೆ ಹೊಂಗೆಎಣ್ಣೆ ಸುರಿದಳು. ಗಾಳಿ ತೆಂಕಣದಿಂದ ಬೀಸುತ್ತಿತ್ತು. ಒಂದು ಬೆರಳನ್ನು ಬಾಯಲ್ಲಿ ಒದ್ದೆ ಮಾಡಿ ಗಾಳಿಗೆ ಹಿಡಿದು, ಗಾಳಿ ಬರುವ ಕಡೆಯ ಕಿಂಡಿಗೆ ಒಂದು ಕಲ್ಲು ಅಡ್ಡ ಇಟ್ಟಳು, ಇನ್ನೊಂದನ್ನು ತೆರೆದೇ ಬಿಟ್ಟಳು. ಹಚ್ಚಿದಳು. ಬಂಡೆಯ ಮೇಲೆ ನಮ್ಮೆಲ್ಲರ ಪಂಚೆ, ಸೆರಗು ಪಟಪಟ ಹಾರುತ್ತಿದ್ದವು, ಗೂಡಿನೊಳಗೆ ಉರಿ ಅಲುಗಲಿಲ್ಲ. ನೆಟ್ಟಗೆ ನಿಂತಿತು.

ಫೋರ್ಮನ್ನರು ಬಗ್ಗಿ ನೋಡಿ, ಕೆಲಸ ಬಲ್ಲ ಒಬ್ಬರು ಇನ್ನೊಬ್ಬರ ಕೆಲಸ ನೋಡಿದಾಗ ಮಾಡುವ ಹಾಗೆ, ತಲೆ ಮಾತ್ರ ಆಡಿಸಿದರು.

ಅಧಿಕಾರಿ ಉರಿಯನ್ನು ನೋಡುತ್ತಿರಲಿಲ್ಲ. "ಹೊಗೆ ಎಲ್ಲಿ ಹೋಗ್ತಾ ಇದೆ?" ಎಂದು ಕೇಳಿದರು.

ಹೌದಲ್ಲ! ಹೊಂಗೆಎಣ್ಣೆಯ ದಪ್ಪ ಹೊಗೆ ಗೂಡಿನ ಬಾಯಿಂದ ಹೊರಗೆ ಬರಬೇಕಿತ್ತು, ಬರುತ್ತಿರಲಿಲ್ಲ. ಅದು ಹಿಂಗೋಡೆಗೆ ಒರಗಿ ಮೇಲಕ್ಕೆ ಹೋಗಿ ಮಾಯವಾಗುತ್ತಿತ್ತು. ಅಷ್ಟರಲ್ಲಿ ಬುರುಜಿನ ಹಿಂಬದಿಯಿಂದ ಆಂಟಿ ಕೂಗಿಕೊಂಡರು. "ಅಯ್ಯೋ, ಇಲ್ಲಿ ಕಲ್ಲು ಸಂದೀಲಿ ಹೊಗೆ ಬರ್ತಿದೆ ಕಣ್ರೀ! ನಾನು ಉಜ್ಜಿದ ಗೋಡೆ!"

ಚಪ್ಪಡಿಯ ಕೆಳಗೆ, ಎರಡು ಕಲ್ಲುಗಳ ನಡುವಿನ ಒಂದು ಸಂದಿನಿಂದ ಹೊಗೆ ಜಡೆಯ ಹಾಗೆ ಹೊರಬರುತ್ತಿತ್ತು. ಕಲ್ಲು ಜರುಗಿ ಆದ ಬಿರುಕು ಎಂದುಕೊಂಡಿದ್ದೆವು ನಾವೆಲ್ಲ. ಅಜ್ಜಿಯೂ ಬಾಯಿ ತೆರೆದು ನೋಡಿದಳು.

"ನಿಮಗೂ ಗೊತ್ತಿರ್ಲಿಲ್ವಾ ಅಜ್ಜಿ?"

"ಅಚ್ಚುತಿದ್ದುದ್ದು ಕತ್ಲಾದ್ಮೇಲೆ ಅಲ್ವೇನ್ಲಾ! ಕತ್ಲಾಗೆ ಒಗೆ ಯಾರಿಗ್ ಕಾಣ್ತದೆ?"

ದೀಪ ಆರಿಸಿ ಕಲ್ಲು ತಣಿಯುವವರೆಗೆ ಕಾದೆವು. ಆ ಸಂದಿಗೆ ಕೈ ಹೋಗಬೇಕಾದರೆ ತೆಳ್ಳಗಿನ ತೋಳು ಬೇಕಿತ್ತು. ಎಲ್ಲರೂ ನನ್ನ ಕಡೆ ನೋಡಿದರು. ಫೋರ್ಮನ್ನರು ನನ್ನ ಸೊಂಟ ಹಿಡಿದು ಎತ್ತಿದರು. ಭುಜದವರೆಗೂ ತೋಳು ಒಳಗೆ ಹಾಕಿದೆ. ಒಳಗೆ ಓರೆಯಾಗಿ ಕೆಳಗಿಳಿಯುವ ನುಣುಪಾದ ಕೊಳವೆ, ಬೇಕೆಂದೇ ಕಟ್ಟಿದ್ದು. ಅದರ ಗೋಡೆಗೆ ಏನೋ ಗಟ್ಟಿಯಾಗಿ ಹತ್ತಿತ್ತು. ಉಗುರಿನಿಂದ ಕೆರೆದೆ. ಕೈ ಹೊರಗೆ ತೆಗೆದಾಗ ಅಂಗೈ ತುಂಬ ಹಳೇ ದೋಸೆಹೆಂಚಿನ ಕರಿಯಂಥ ಹೆಕ್ಕಳಿಕೆ, ಪದರ ಪದರವಾಗಿ, ಮುರಿದರೆ ಒಳಗೆ ಇನ್ನೂ ಪದರ.

ಅಧಿಕಾರಿ ಅದನ್ನು ಬಿಸಿಲಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಜೇಬಿನಿಂದ ಕಾಗದ ತೆಗೆದು, ಪ್ರಸಾದ ಕಟ್ಟಿಕೊಳ್ಳುವ ಹಾಗೆ ಒಂದು ತುಂಡು ಕಟ್ಟಿಕೊಂಡರು. "ಇದು ಒಂದೆರಡು ವರ್ಷದ್ದಲ್ಲ. ಹೊಲ ಕಾಯೋನಿಗೆ ಹೊಗೆಕೊಳವೆ ಕಟ್ಟಿಕೊಡಲ್ಲ. ಕಂಡೆ ಅಂತ ಬರೀತೀನಿ" ಎಂದರು.

ಅಜ್ಜಿ ನನ್ನ ಮಸಿ ಹತ್ತಿದ ಅಂಗೈಯನ್ನು ತನ್ನ ಎರಡು ಕೈಗಳಲ್ಲಿ ಹಿಡಿದುಕೊಂಡಳು. ನನ್ನನ್ನು ಕ್ಷಮಿಸಿದಳು ಎಂದುಕೊಂಡು ನನ್ನ ಕಣ್ಣು ಒದ್ದೆಯಾಯಿತು. ಅವಳು ನೋಡುತ್ತಿದ್ದದ್ದು ಮಸಿಯನ್ನು ಮಾತ್ರ. ಒಂದು ಬೆರಳಿನಿಂದ ಅದನ್ನು ಮುಟ್ಟಿ, ಆ ಬೆರಳನ್ನು ಕಣ್ಣಿಗೊತ್ತಿಕೊಂಡಳು. ನಮ್ಮ ಹಿಂದೆ ಆಂಟಿ ನಿಟ್ಟುಸಿರು ಬಿಟ್ಟರು.

"ಇದು ನನ್ ಕಣ್ಣಿಗೆ ಹೆಂಗೆ ತಪ್ಪಿಸ್ಕೊಂಡ್ತೋ!"

ಆ ವರ್ಷವೇ ಕೆಂಪು ಗುರುತು ಅಳಿಯಿತು. ಬಂಡೆ ಪಾರ್ಕೆಂದೇ ನಕ್ಷೆಗೆ ಹತ್ತಿತು. ಗೇಜಿನಲ್ಲಿ ಪಾಸಾದ ಬೇವುಗಳು ಈಗ ನನಗಿಂತ ಎತ್ತರ. ರಿಜೆಕ್ಟಾದ ನನ್ನ ಗುಂಡಿಗಳಲ್ಲಿ ಒಂದರಲ್ಲಿ ತಾನಾಗಿಯೇ ಒಂದು ಹೊಂಗೆ ಹುಟ್ಟಿದೆ, ಅದನ್ನು ಯಾರಿಗೂ ತೋರಿಸಿಲ್ಲ. ವರ್ಷಕ್ಕೊಂದು ಸಲ, ದೀಪಾವಳಿಯ ಸಂಜೆ, ಅಜ್ಜಿ ಬುರುಜಿನಲ್ಲಿ ದೀಪ ಹಚ್ಚುತ್ತಾಳೆ. ಗಡಿಗೆ ಹೊರುವುದು ನನ್ನ ಕೆಲಸ. ಅದು ಶಿಕ್ಷೆ ಎಂದು ಅವಳು ತಿಳಿದಿದ್ದಾಳೆ, ನಾನು ತಿದ್ದಿಲ್ಲ.

ಕಳೆದ ಸಲ ದೀಪಾವಳಿಗೆ ಮುಂಚಿನ ಭಾನುವಾರ ಪಾರ್ಕು ಗುಡಿಸಲು ಎಲ್ಲರೂ ಸೇರಿದ್ದೆವು. ಫೋರ್ಮನ್ನರಿಗೆ ಗಂಟಲು ಕೂತುಹೋಗಿತ್ತು. ಒಂದು ತಿಂಗಳು ದನಿ ಎತ್ತಬಾರದು ಎಂದು ಡಾಕ್ಟರು ಹೇಳಿದ್ದರು. ಬೀದಿಗೆ ಬೀದಿಯೇ ಗಡಿಯಾರ ನಿಂತ ಮನೆಯ ಹಾಗಿತ್ತು. ಅವರು ಹೊಂಗೆಮರದ ಕೆಳಗೆ ಮಫ್ಲರು ಸುತ್ತಿಕೊಂಡು ಕೂತಿದ್ದರು, ನಾನು ಪಕ್ಕದಲ್ಲಿ ಪೊರಕೆಗೆ ಒರಗಿದ್ದೆ. ಬುರುಜಿನ ತುದಿಯಿಂದ ಆಂಟಿ ಬಗ್ಗಿ ನೋಡಿದರು, ಕೈಯಲ್ಲಿ ತೆಂಗಿನನಾರು.

"ಫೋರ್ಮನ್ನೋರೇ! ಗೂಡಿನೊಳಗೆ ಮತ್ತೆ ಮಸಿ ಹಿಡ್ದಿದೆ! ಈ ವರ್ಷದ್ದಾದ್ರೂ ಉಜ್ಜಲಾ?"

ಫೋರ್ಮನ್ನರು ಬಾಯಿ ತೆರೆದರು, ಗಾಳಿ ಮಾತ್ರ ಬಂತು. ನನ್ನ ಕಡೆ ನೋಡಿದರು. ತಮ್ಮ ಗಂಟಲು ಮುಟ್ಟಿಕೊಂಡು ನನ್ನ ಗಂಟಲನ್ನು ತೋರಿಸಿದರು.

ನಾನು ಪೊರಕೆ ಕೆಳಗಿಟ್ಟೆ. ಸೊಂಟದ ಮೇಲೆ ಕೈ ಇಟ್ಟೆ.

"ಕೆಲ್ಸ ಅಂದ್ರೆ ಫಿನಿಶಿಂಗು ಕಣಮ್ಮಾ! ಆ ಮಸೀನೇ ಫಿನಿಶಿಂಗು! ಕೈ ಹಚ್ಚಿದ್ರೆ ನೋಡಿ!"

ಇದು ನಾನೇ ಎಂದು ಆಂಟಿಗೆ ಗೊತ್ತು, ನಾನು ಕಾಣುವಂತೆಯೇ ನಿಂತಿದ್ದೆ. ಆದರೂ ನಾರನ್ನು ಸೆರಗಿನ ಹಿಂದೆ ಮರೆಮಾಡಿಕೊಂಡು, "ಆಯ್ತು, ಆಯ್ತು" ಎಂದು ಮೆಟ್ಟಿಲಿಳಿದರು.

ಫೋರ್ಮನ್ನರು ಕಿವಿಗೆ ಕೈ ಒಡ್ಡಿ ಕೂತಿದ್ದವರು ನನ್ನ ಷರಟು ಎಳೆದರು. ಬಗ್ಗಿದೆ. ಪಿಸುಗುಟ್ಟಿದರು.

"ಇನ್ನೂ ಸ್ವಲ್ಪ ಜೋರು."